ಆತಕೂರು ಶಾಸನದ ಕಾಲನಿರ್ದೇಶವೂ ಗಣಕದ ತಾರೀಖೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಶಾಸನಗಳಲ್ಲಿ ಮದ್ದೂರು ತಾಲ್ಲೂಕಿನ ಆತಕೂರು ಶಾಸನವು ಅಗ್ರಗಣ್ಯವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನೊಡನೆ ತಕ್ಕೋಲದಲ್ಲಿ ಮಾಡಿದ ಯುದ್ಧವನ್ನೂ, ಗಂಗ ಬೂತುಗನು ಮಣಲೆರನಿಗೆ ಮೆಚ್ಚಿ ಕೊಟ್ಟ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿದುದನ್ನೂ ಈ ಒಂದೇ ಕಲ್ಲು ಹೇಳುತ್ತದೆ. ರೈಸ್ ಮಹಾಶಯರು ಇದನ್ನು ೧೮೯೪ರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದರ ವಿಷಯವು ವಿದ್ವಾಂಸರಿಗೆ ಸುಪರಿಚಿತ. ಕಾಲದ ವಿಚಾರದಲ್ಲಿ ಮಾತ್ರ ಇಂದಿಗೂ ಎಚ್ಚರವು ಅವಶ್ಯ.

ಶಾಸನದಲ್ಲಿರುವುದು ಶಕ ೮೭೨, ಸೌಮ್ಯ ಸಂವತ್ಸರ. ಶಕವರ್ಷಕ್ಕೆ ೭೮ನ್ನು ಕೂಡಿಸಿ ಕ್ರಿಸ್ತವರ್ಷವನ್ನು ತೆಗೆಯುವುದು ರೂಢಿ. ಹಾಗೆ ಮಾಡಿದರೆ ೯೫೦ ಬರುತ್ತದೆ. ಆದರೆ ಈ ಸೂತ್ರವು ಗತಶಕಕ್ಕೆ, ಎಂದರೆ ಕಳೆದುಹೋದ ವರ್ಷಗಳ ಎಣಿಕೆಗೆ, ಮಾತ್ರ ಸಲ್ಲುವುದು. ಗತಶಕಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಲು ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ೮೭೨ಕ್ಕೆ ಶೇಷ ೪೪, ಅದು ಸಾಧಾರಣ. ೮೭೧ಕ್ಕೆ ಶೇಷ ೪೩, ಅದೇ ಸೌಮ್ಯ. ಆದಕಾರಣ ಶಾಸನದ ೮೭೨ ನಡೆಯುತ್ತಿರುವ ವರ್ಷವೇ ಹೊರತು ಗತವರ್ಷವಲ್ಲ, ಕಾಲವು ಕ್ರಿ.ಶ. ೯೪೯-೫೦. ಸಂವತ್ಸರದ ಹೆಸರನ್ನು ಅಲಂಕಾರವೆಂದು ಕೈಬಿಟ್ಟವನು ಒಂದು ವರ್ಷ ತಪ್ಪಿದನು. ಚೋಳರ ಸೋಲಿನ ಕಾಲವೂ ಅವನೊಡನೆ ತಪ್ಪಿತು.

ಶಾಸನಗಳನ್ನು ಗಣಕಯಂತ್ರದ ಕೋಷ್ಟಕಕ್ಕೆ ಏರಿಸುವ ಈ ಕಾಲದಲ್ಲಿ ದೋಷವು ಇನ್ನೊಂದು ರೂಪದಲ್ಲಿ ಮರಳುತ್ತದೆ. ಯಂತ್ರವು ತಿಂಗಳನ್ನೂ ದಿನವನ್ನೂ ಕೇಳುತ್ತದೆ. ವರ್ಷವನ್ನು ಮಾತ್ರ ಬಲ್ಲವನು ಜನವರಿ ೧ ಎಂದು ತುಂಬಿದರೆ, ಕಲ್ಲು ಹೇಳದ ಮಾತನ್ನು ಹೇಳಿದಂತಾಗುತ್ತದೆ. ಸಾಲದುದಕ್ಕೆ ೯೪೯ರ ಆ ದಿನವು ಸೌಮ್ಯದೊಳಗೇ ಇಲ್ಲ. ಚಾಂದ್ರ ಸಂವತ್ಸರವು ಚೈತ್ರದಲ್ಲಿ ಆರಂಭವಾಗುವುದು. ಪಾಂಡಾಸ್ ಎಂಬ ಸಾಧನವು ಕಾಲವನ್ನು ನ್ಯಾನೊಸೆಕೆಂಡುಗಳಲ್ಲಿ ಎಣಿಸುವಾಗ ೧೬೭೭ಕ್ಕೆ ಹಿಂದಿನದನ್ನು ಹಿಡಿಯಲಾರದು. ಪೈಥಾನಿನ ಸ್ವಂತ ತಾರೀಖು ೯೪೯ನ್ನು ಒಪ್ಪುವುದಾದರೂ ೧೫೮೨ರಲ್ಲಿ ಹುಟ್ಟಿದ ಗ್ರೆಗೋರಿಯನ್ ಗಣನೆಯನ್ನೇ ಹಿಂದಕ್ಕೆ ಎಳೆಯುತ್ತದೆ. ವಿದ್ವಾಂಸರು ಆ ಕಾಲಕ್ಕೆ ಬಳಸುವುದು ಜೂಲಿಯನ್ ಗಣನೆ. ಹತ್ತನೆಯ ಶತಮಾನದ ಬಹುಭಾಗದಲ್ಲಿ ಇವೆರಡಕ್ಕೂ ಐದು ದಿನಗಳ ಅಂತರ. ತಿಥಿವಾರಗಳುಳ್ಳ ಶಾಸನಗಳಲ್ಲಿ ದಿನವು ಸೂರ್ಯೋದಯದಿಂದ ಮೊದಲಾಗುವುದೆಂಬುದನ್ನೂ ಮರೆಯಲಾಗದು. ಯಂತ್ರದ ದಿನವು ಮೊದಲಾಗುವುದು ನಡುರಾತ್ರಿಯಲ್ಲಿ.

ಹೀಗಿರುವಲ್ಲಿ ಯುಕ್ತವಾದ ಮಾರ್ಗವೊಂದೇ. ಶಾಸನದ ಮಾತನ್ನು ಇದ್ದಂತೆಯೇ ಒಂದು ಕಲಮಿನಲ್ಲಿ ಬರೆಯತಕ್ಕದ್ದು; ಗತವೋ ವರ್ತಮಾನವೋ ಎಂಬ ನಿರ್ಣಯವನ್ನು ಇನ್ನೊಂದರಲ್ಲಿ; ಕ್ರಿಸ್ತಶಕದ ಆದಿ ಮತ್ತು ಅಂತ್ಯದ ಮಿತಿಗಳನ್ನು ಗಣನೆಯ ಹೆಸರಿನೊಡನೆ ಬೇರೆಯಾಗಿ. ಮುಂದೆ ನಿರ್ಣಯವು ಬದಲಾದರೂ ಮೂಲವು ಕೆಡದು. ಸಂಪಾದಕನ ಊಹೆಯೂ ಶಾಸನದ ವಾಕ್ಯವೂ ಒಂದೇ ಮನೆಯಲ್ಲಿ ಬೆರೆತರೆ, ಮುಂದಿನ ಓದುಗನಿಗೆ ಅವನ್ನು ಬೇರ್ಪಡಿಸುವ ದಾರಿಯೇ ಉಳಿಯದು.