ವಸತಿಗೃಹದಲ್ಲಿ ಎಚ್ಚರಿಕೆಯ ವಾಣಿ: ಒಂದು ವಿಮರ್ಶೆ

ಹೋಟೆಲೆಂದೊಡನೆ ನಮ್ಮಲ್ಲಿ ಕಾಫಿ ತಿಂಡಿಗಳ ನೆನಪಾಗುವುದು ವಾಡಿಕೆ. ಇಲ್ಲಿ ವಿವಕ್ಷಿತವಾದುದು ಅಪರಿಚಿತರು ರಾತ್ರಿ ತಂಗುವ ಬಹುಮಹಡಿಯ ವಸತಿಗೃಹ. ಅಲ್ಲಿ ಸಂಗೀತವನ್ನೂ ಪ್ರಕಟಣೆಗಳನ್ನೂ ಕೇಳಿಸುವ ಧ್ವನಿವರ್ಧಕಗಳೇ ಬೆಂಕಿ ಬಿದ್ದಾಗ ಎಚ್ಚರಿಕೆಯ ವಾಣಿಯನ್ನೂ ನುಡಿಯಬೇಕೆಂಬ ಕಲ್ಪನೆ ಸಾಧುವಾದುದೇ. ಆದರೆ ಇಂಥ ವ್ಯವಸ್ಥೆಯನ್ನು ಹೇಳುವವನ ಕಡೆಯಿಂದ ಯೋಜಿಸುತ್ತಾರೆಯೇ ಹೊರತು ಕೇಳುವವನ ಕಡೆಯಿಂದಲ್ಲ ಎಂಬುದೇ ನಮ್ಮ ಆಕ್ಷೇಪ.

1980ರ ನವೆಂಬರ್ 21ರ ಬೆಳಗ್ಗೆ ಅಮೆರಿಕದ ಲಾಸ್ ವೇಗಸ್ ನಗರದ ಎಂಜಿಎಂ ಗ್ರ್ಯಾಂಡ್ ವಸತಿಗೃಹಕ್ಕೆ ಬೆಂಕಿ ಹತ್ತಿತು. ಉರಿ ಹಬ್ಬಿದುದು ಕೆಳಗಿನ ಜೂಜಿನ ಅಂಗಣದಲ್ಲಿ. ಮಡಿದ 85 ಮಂದಿಯಲ್ಲಿ ಹೆಚ್ಚಿನವರು ಇದ್ದುದು ಹೊಗೆ ಏರಿದ ಮೇಲಿನ ಅಂತಸ್ತುಗಳಲ್ಲಿ. ಆ ಕೋಣೆಗಳವರನ್ನು ಎಬ್ಬಿಸಿದುದು ಯಂತ್ರದ ಸದ್ದಲ್ಲ. ಹೊಗೆಯ ವಾಸನೆ, ಜನರ ಕೂಗು, ಬಾಗಿಲು ಬಡಿದ ಶಬ್ದ.

ಮಲಗಿದವನ ದಿಂಬಿನ ಬಳಿ ಕನಿಷ್ಠ 75 ಡೆಸಿಬೆಲ್ ಸದ್ದಿರಬೇಕೆಂದು ಆ ದೇಶದ ಸಂಹಿತೆ ಇಂದು ವಿಧಿಸುತ್ತದೆ. ಅಳೆಯುವ ಸ್ಥಾನ ದಿಂಬಾದುದು ಗಮನಾರ್ಹ. ಓಣಿಯ ಧ್ವನಿವರ್ಧಕ ಎಷ್ಟೇ ಅರಚಲಿ, ಬೆಂಕಿಯನ್ನು ತಡೆಯುವ ದಪ್ಪ ಬಾಗಿಲು ಸದ್ದನ್ನೂ ತಡೆಯುತ್ತದೆ. ವೆಚ್ಚ ಉಳಿಸಲೆಂದು ಕೋಣೆಯೊಳಗಿನ ಧ್ವನಿವರ್ಧಕವನ್ನು ಕೈಬಿಡುವ ಯೋಜನೆ, ಕಾಗದದ ಮೇಲೆ ಎಷ್ಟೇ ಸುಂದರವಾಗಿದ್ದರೂ, ಯೋಜನೆಯೆನಿಸದು. ಸದ್ದಿನ ಗುಣವೂ ಮುಖ್ಯ. ಸುಮಾರು 3,100 ಹರ್ಟ್ಸ್‌ನ ಕೀರಲು ಸ್ವರಕ್ಕಿಂತ 520 ಹರ್ಟ್ಸ್‌ನ ತಗ್ಗು ಸ್ವರವೇ ಕಿವಿ ಮಂದವಾದವರನ್ನೂ ಕುಡಿದು ಮಲಗಿದವರನ್ನೂ ಹೆಚ್ಚಾಗಿ ಎಬ್ಬಿಸುತ್ತದೆಂದು ಪ್ರಯೋಗಗಳು ತೋರಿಸಿವೆ.

ಎದ್ದವನಿಗೆ ಮಾತು ತಿಳಿಯಬೇಕಷ್ಟೆ. ಅಮೃತಶಿಲೆ ಹಾಸಿದ ಎತ್ತರದ ಹಜಾರದಲ್ಲಿ ಒಂದು ಅಕ್ಷರದ ಮಾರ್ದನಿಯಲ್ಲಿ ಮುಂದಿನ ವ್ಯಂಜನ ಮುಳುಗಿಹೋಗುತ್ತದೆ. ಆಗ ಶಕ್ತಿಯನ್ನು ಹೆಚ್ಚಿಸಿದರೆ ಮಾರ್ದನಿಯೂ ಹೆಚ್ಚುತ್ತದೆ. ಕೇಳುವವರ ಸಮೀಪದಲ್ಲಿ ಸಣ್ಣ ಧ್ವನಿವರ್ಧಕಗಳನ್ನು ಹಲವೆಡೆ ಇರಿಸುವುದೇ ಇದಕ್ಕೆ ಪರಿಹಾರ. ಮಾತಿನ ಸ್ಫುಟತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ಸೂಚ್ಯಂಕವನ್ನು ನೆದರ್ಲೆಂಡ್ಸ್‌ನ ಹೌಟ್‌ಗಾಸ್ಟ್ ಮತ್ತು ಸ್ಟೇನಕೆನ್ 1970ರ ದಶಕದಲ್ಲಿ ರೂಪಿಸಿದರು, 0.5ಕ್ಕೆ ಇಳಿಯಬಾರದೆಂಬುದು ರೂಢಿಯ ನಿಯಮ. ವ್ಯಾಟುಗಳ ಲೆಕ್ಕವನ್ನಷ್ಟೇ ಕೊಡುವ ಅಂದಾಜುಪಟ್ಟಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಸಂದೇಶದ ಭಾಷೆಯನ್ನಂತೂ ಕೊನೆಯ ದಿನಕ್ಕೆ ಬಿಡುವುದುಂಟು. ಹತ್ತು ಸೆಕೆಂಡಿನ ವಾಕ್ಯವನ್ನು ನಾಲ್ಕು ಭಾಷೆಗಳಲ್ಲಿ ನುಡಿಸಿದರೆ ನಾಲ್ಕನೆಯ ಭಾಷೆಯವನು ಅರ್ಧ ನಿಮಿಷ ಕಾಯಬೇಕಾಗುತ್ತದೆ. ಆದುದರಿಂದ ವಾಕ್ಯ ಚಿಕ್ಕದಾಗಿರಬೇಕು. ಕ್ಷಮಾಯಾಚನೆ, ಸ್ವಾಗತದ ಮರ್ಯಾದೆಗಳಿಗೆ ಅಲ್ಲಿ ಎಡೆಯಿಲ್ಲ. ಭಾಷೆಗಳ ಕ್ರಮವನ್ನು ಅತಿಥಿಗಳ ದಾಖಲೆಪುಸ್ತಕ ನೋಡಿ ನಿರ್ಧರಿಸಬಹುದು. ಬೆಂಗಳೂರಿನ ವಸತಿಗೃಹವಾದರೆ, ರಾತ್ರಿ ಪಾಳಿಯ ಅಡುಗೆಯವರೂ ಕಾವಲುಗಾರರೂ ಆ ಪುಸ್ತಕದಲ್ಲಿ ಇರುವುದಿಲ್ಲವೆಂಬುದನ್ನು ಯೋಜಕರು ಗಣನೆಗೆ ತಂದುಕೊಳ್ಳಬೇಕು.