ಕಿವಿ ಚುರುಕು, ಬತ್ತಳಿಕೆ ಬರಿದು

ಉಕ್ರೇನಿನ ಹೊಲದ ಬದುವಿನಲ್ಲಿ ಆರಡಿ ಎತ್ತರದ ಒಂದು ಕಂಬ. ಅದಕ್ಕೊಂದು ಮೈಕ್ರೋಫೋನ್ ಕಟ್ಟಿದ್ದಾರೆ, ಪಕ್ಕದಲ್ಲಿ ಒಂದು ಮೊಬೈಲ್ ಫೋನ್. ಹೈಸ್ಕೂಲ್ ಹುಡುಗರು ವಿಜ್ಞಾನ ಮೇಳಕ್ಕೆ ಮಾಡಿಟ್ಟ ಮಾದರಿಯಂತೆ ಕಾಣುತ್ತದೆ. ರಾತ್ರಿ ಗಡಿಯಾಚೆಯಿಂದ ರಷ್ಯಾದ ಶಾಹೆದ್ ಡ್ರೋನ್ ಹಾರಿಬಂದಾಗ ಅದರ ಎಂಜಿನ್ ಏರು ಹತ್ತುವ ಹಳೇ ಮೊಪೆಡ್ಡಿನ ಹಾಗೆ ಗೊರಗೊರ ಅನ್ನುತ್ತದೆ. ಅಲ್ಲಿನ ಜನ ಅದನ್ನು ಕರೆಯುವುದೂ ‘ಮೊಪೆಡ್’ ಎಂದೇ. ಕಂಬದ ಮೈಕ್ ಆ ಸದ್ದು ಹಿಡಿಯುತ್ತದೆ, ಫೋನ್ ಅದನ್ನು ಕೇಂದ್ರಕ್ಕೆ ಮುಟ್ಟಿಸುತ್ತದೆ. ಮುಂದಿನ ಊರಿನ ಕಂಬವೂ ಅದೇ ಸದ್ದು ಕೇಳಿಸಿಕೊಂಡಾಗ ಡ್ರೋನ್ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂಬುದು ತಿಳಿಯುತ್ತದೆ. ರಸ್ತೆ ಬದಿಯಲ್ಲಿ ಪಿಕಪ್ ನಿಲ್ಲಿಸಿಕೊಂಡು ಕಾದಿರುವ ಸೈನಿಕರ ಟ್ಯಾಬಿಗೆ ಆ ದಾರಿ ಬಂದು ಬೀಳುತ್ತದೆ. ಇಬ್ಬರು ಎಂಜಿನಿಯರುಗಳು ಗ್ಯಾರೇಜಿನಲ್ಲಿ ಶುರುಮಾಡಿದ ಕೆಲಸ ಇದು. 2024ರ ಹೊತ್ತಿಗೆ ಇಂಥ ಕಂಬಗಳು ಸುಮಾರು 10,000 ಆಗಿದ್ದವು. ಒಂದಕ್ಕೆ ತಗಲುವ ಖರ್ಚು 400ರಿಂದ 500 ಡಾಲರ್.

ಬಲಾಢ್ಯ ನೆರೆಯವನ ಎದುರು ಸಣ್ಣ ದೇಶವೊಂದು ತನ್ನ ಆಕಾಶವನ್ನು ಉಳಿಸಿಕೊಳ್ಳಬಲ್ಲದೇ? 1991ರಲ್ಲಿ ಇರಾಕಿನ ವಾಯುರಕ್ಷಣೆ ಅಮೆರಿಕ ನೇತೃತ್ವದ ದಾಳಿಗೆ ಕೆಲವೇ ದಿನಗಳಲ್ಲಿ ಕುಸಿದಿದ್ದನ್ನು ನೋಡಿದವರು ‘ಇಲ್ಲ’ ಎನ್ನುತ್ತಿದ್ದರು. 1999ರಲ್ಲಿ ಯುಗೊಸ್ಲಾವಿಯಾ ರಾಡಾರ್‌ಗಳನ್ನು ಆರಿಸಿ, ಜಾಗ ಬದಲಿಸಿ 78 ದಿನ ಜೀವ ಹಿಡಿದುಕೊಂಡಿತ್ತು, ಒಂದು ಎಫ್-117 ವಿಮಾನವನ್ನು ಬೀಳಿಸಿಯೂ ಇತ್ತು. ಆದರೆ ನೆಲದ ಮೇಲೆ ಬಾಂಬು ಬೀಳುವುದನ್ನು ತಡೆಯಲು ಅದರಿಂದ ಆಗಲಿಲ್ಲ. ಉಕ್ರೇನ್ ಮಾಡಿ ತೋರಿಸಿದ್ದು ಇವೆರಡಕ್ಕಿಂತ ದೊಡ್ಡದು. ಅದನ್ನು ಮನಸಾರೆ ಮೆಚ್ಚಬೇಕು. ಎಲ್ಲಿ ಸೋತಿದೆ ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು.

ಮೊದಲ ಮೆಚ್ಚುಗೆ ಒಂದು ರಾತ್ರಿಯ ನಿರ್ಧಾರಕ್ಕೆ ಸಲ್ಲುತ್ತದೆ. 2022ರ ಫೆಬ್ರುವರಿ 24ರ ಮುಂಜಾವ ರಷ್ಯಾ ನೂರಕ್ಕೂ ಹೆಚ್ಚು ಕ್ಷಿಪಣಿಗಳನ್ನು ಹಾರಿಸಿತು. ರಾಡಾರ್ ಕೇಂದ್ರಗಳು, ವಾಯುನೆಲೆಗಳು, ಕ್ಷಿಪಣಿ ತಾಣಗಳು ಎಲ್ಲಿವೆ ಎಂಬ ಪಟ್ಟಿ ಅದರ ಬಳಿ ಇತ್ತು. ಇಲ್ಲದೇ ಇರಲು ಕಾರಣವೂ ಇರಲಿಲ್ಲ. ಉಕ್ರೇನಿನ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆಗಳಾದ ಎಸ್-300, ಬುಕ್ ಎರಡೂ ಸೋವಿಯತ್ ಕಾಲದಿಂದ ಬಂದವು. ಆದರೆ ಅವುಗಳನ್ನು ಹೊತ್ತ ವಾಹನಗಳಲ್ಲಿ ಬಹಳಷ್ಟು ದಾಳಿಗೆ ಕೆಲವು ಗಂಟೆ ಮುಂಚೆಯೇ ತಮ್ಮ ಜಾಗ ಬಿಟ್ಟು ಹೊರಟಿದ್ದವು. ಕದಲಲಾಗದ ರಾಡಾರ್‌ಗಳು ಪೆಟ್ಟು ತಿಂದವು, ಚಕ್ರವಿದ್ದವು ಉಳಿದವು. ಮೊದಲ ದಿನಗಳ ಗೊಂದಲ ಕಳೆದು ಅವು ಮತ್ತೆ ಕೆಲಸಕ್ಕೆ ನಿಂತಾಗ ರಷ್ಯಾದ ವಿಮಾನಗಳು ಎತ್ತರ ಬಿಟ್ಟು ಕೆಳಗಿಳಿಯಬೇಕಾಯಿತು. ಕೆಳಗೆ ಹೆಗಲ ಮೇಲಿಟ್ಟು ಹಾರಿಸುವ ಇಗ್ಲಾ, ಸ್ಟಿಂಗರ್ ಕ್ಷಿಪಣಿಗಳು ಕಾದಿದ್ದವು. ಮೇಲೂ ಇಲ್ಲ, ಕೆಳಗೂ ಇಲ್ಲ ಎಂಬಂತಾದ ಮೇಲೆ ರಷ್ಯಾದ ವಾಯುಪಡೆ ಉಕ್ರೇನಿನ ಒಳನಾಡಿನ ಮೇಲೆ ಹಾರುವುದನ್ನೇ ಬಿಟ್ಟಿತು, ದೂರದಿಂದ ಹೊಡೆಯತೊಡಗಿತು. ಕೀವ್ ಇಂದಿಗೂ ಆ ದೇಶದ ರಾಜಧಾನಿಯಾಗಿ ಉಳಿದಿದ್ದರಲ್ಲಿ ಈ ವಾಹನ ಚಾಲಕರ ಪಾಲು ಸಣ್ಣದಲ್ಲ.

ಎರಡನೆಯ ಮೆಚ್ಚುಗೆ ಜನರನ್ನು ಈ ಕಾವಲಿಗೆ ಸೇರಿಸಿಕೊಂಡ ರೀತಿಗೆ. 2022ರ ಅಕ್ಟೋಬರಿನಲ್ಲಿ ಬಂದ ಒಂದು ಆ್ಯಪ್‌ನಲ್ಲಿ ಸಾಮಾನ್ಯ ನಾಗರಿಕರೂ ಹಾರುವ ಕ್ಷಿಪಣಿಯತ್ತ ಫೋನ್ ತಿರುಗಿಸಿ ಗುಂಡಿ ಒತ್ತಿದರೆ ದಿಕ್ಕು ಸಮೇತ ಸೇನೆಗೆ ಸುದ್ದಿ ಮುಟ್ಟುತ್ತಿತ್ತು. ಅದೇ ತಿಂಗಳು ಒಂದು ಕಲಿಬ್ರ್ ಕ್ಷಿಪಣಿಯನ್ನು ಬೀಳಿಸಲು ಆ ಸುದ್ದಿ ನೆರವಾಯಿತು. ಪಿಕಪ್ ಮೇಲೆ ಹಳೆಯ ಮೆಷಿನ್ ಗನ್ ಕೂರಿಸಿ, ಸರ್ಚ್‌ಲೈಟ್ ಹಿಡಿದು ಡ್ರೋನ್ ಬೇಟೆಗೆ ಹೊರಟ ತಂಡಗಳಲ್ಲಿ 1910ರ ಮಾದರಿಯ ಮ್ಯಾಕ್ಸಿಮ್ ಗನ್ನುಗಳೂ ಇದ್ದವು. ನಳಿಗೆಯ ಸುತ್ತ ನೀರು ತುಂಬುವ ಆ ಗನ್ನು ಎಷ್ಟು ಹೊತ್ತು ಹೊಡೆದರೂ ಬೇಗ ಕಾಯುವುದಿಲ್ಲ, ಹಾಗಾಗಿ ಸೈನಿಕರಿಗೆ ಅದರ ಮೇಲೆ ನಂಬಿಕೆ. 40–50 ಕಿಲೊ ಸಿಡಿತಲೆ ಹೊತ್ತು ಗಂಟೆಗೆ 180 ಕಿ.ಮೀ. ವೇಗದಲ್ಲಿ ಬರುವ ಡ್ರೋನಿಗೆ ಲಕ್ಷಗಟ್ಟಲೆ ಡಾಲರಿನ ಕ್ಷಿಪಣಿ ಸುಡದೆ ಕೆಲವು ಸುತ್ತು ಗುಂಡಿನಲ್ಲಿ ಮುಗಿಸಿದ್ದು ನಿಜವಾದ ಜಾಣತನ.

ಇಲ್ಲಿಂದ ಮುಂದೆ ಲೆಕ್ಕ ಕಹಿಯಾಗುತ್ತದೆ.

ಉಕ್ರೇನಿನ ವಾಯುಪಡೆ ಪ್ರತಿ ಬೆಳಿಗ್ಗೆ ಎಷ್ಟು ಬಂದವು, ಎಷ್ಟನ್ನು ಹೊಡೆದುರುಳಿಸಿದೆವು ಎಂದು ಪ್ರಕಟಿಸುತ್ತದೆ. 2025ರ ಸೆಪ್ಟೆಂಬರ್ 7ರ ಲೆಕ್ಕ ನೋಡಿ: ಬಂದ ಡ್ರೋನ್‌ಗಳು 810, ಕ್ಷಿಪಣಿಗಳು 13. ತಡೆದ ಡ್ರೋನ್‌ಗಳು 747, ಕ್ಷಿಪಣಿಗಳು 4. ಡ್ರೋನ್ ಮಟ್ಟಿಗೆ ನೂರಕ್ಕೆ 92. ಯಾವ ಪರೀಕ್ಷೆಯಲ್ಲಾದರೂ ಇದು ಡಿಸ್ಟಿಂಕ್ಷನ್ ಅಂಕ. ಅದೇ ರಾತ್ರಿ ಕೀವ್‌ನಲ್ಲಿ ಸಚಿವ ಸಂಪುಟದ ಕಟ್ಟಡದ ಮೇಲ್ಭಾಗ ಹೊತ್ತಿ ಉರಿಯಿತು. ಯುದ್ಧ ಶುರುವಾದಂದಿನಿಂದ ಆ ಕಟ್ಟಡಕ್ಕೆ ಪೆಟ್ಟು ಬಿದ್ದದ್ದು ಅದೇ ಮೊದಲು. ಶೇಕಡಾವಾರು ಅಂಕಿಯಲ್ಲಿ ಥರ್ಮಾಕೋಲಿನಂಥ ಹಗುರ ವಸ್ತುವಿನಿಂದ ಮಾಡಿದ ಹುಸಿ ಡ್ರೋನೂ ಒಂದು, ಮನೆಯನ್ನು ಕೆಡವುವ ಇಸ್ಕಂದರ್ ಕ್ಷಿಪಣಿಯೂ ಒಂದು. ಹೀಗಾಗಿ ಎಷ್ಟು ಬಿದ್ದವು ಎಂಬುದಕ್ಕಿಂತ ಯಾವುದು ತಪ್ಪಿಸಿಕೊಂಡು ಬಂತು, ಎಲ್ಲಿ ಬಿತ್ತು ಎಂಬುದರಿಂದಲೇ ಈ ರಕ್ಷಣೆಯನ್ನು ಅಳೆಯಬೇಕು.

ತ್ರಿಪಿಲ್ಯಾದ ಉದಾಹರಣೆ ಇದನ್ನು ಬಿಡಿಸಿ ಹೇಳುತ್ತದೆ. ಕೀವ್‌ನ ದಕ್ಷಿಣಕ್ಕಿರುವ ಆ ಶಾಖೋತ್ಪನ್ನ ವಿದ್ಯುತ್ ಸ್ಥಾವರ ರಾಜಧಾನಿ ಪ್ರಾಂತ್ಯದ ಮುಖ್ಯ ವಿದ್ಯುತ್ ಮೂಲವಾಗಿತ್ತು. 2024ರ ಏಪ್ರಿಲ್ 11ರಂದು ಅದರತ್ತ 11 ಕ್ಷಿಪಣಿಗಳು ಬಂದವು. ಏಳನ್ನು ಬೀಳಿಸಿದರು. ಉಳಿದ ನಾಲ್ಕು ಸ್ಥಾವರವನ್ನು ಬೂದಿ ಮಾಡಿದವು. ಕೆಲವೇ ದಿನಗಳ ನಂತರ ಅಧ್ಯಕ್ಷ ಝೆಲೆನ್‌ಸ್ಕಿ ಅಮೆರಿಕದ ಟಿವಿ ಸಂದರ್ಶನದಲ್ಲಿ ಕಾರಣ ಹೇಳಿದರು: ಹಾರಿಸಲು ಕ್ಷಿಪಣಿಗಳೇ ಉಳಿದಿರಲಿಲ್ಲ. ರಾಡಾರ್ ಕಂಡಿತ್ತು, ಸಿಬ್ಬಂದಿ ಎಚ್ಚರವಾಗಿದ್ದರು, ಗುರಿ ತಪ್ಪಿರಲಿಲ್ಲ. ಬತ್ತಳಿಕೆ ಖಾಲಿಯಾಗಿತ್ತು. ಅಮೆರಿಕದ ಸಂಸತ್ತಿನಲ್ಲಿ ನೆರವಿನ ಮಸೂದೆ ತಿಂಗಳುಗಟ್ಟಲೆ ನಿಂತಿದ್ದ ಕಾಲ ಅದು.

ಈ ಖಾಲಿತನ ಒಂದೇ ದಿನದಲ್ಲಿ ಬಂದದ್ದಲ್ಲ. ಎಸ್-300, ಬುಕ್ ಕ್ಷಿಪಣಿಗಳನ್ನು ಹೊಸದಾಗಿ ತಯಾರಿಸುವ ಕಾರ್ಖಾನೆಗಳಿದ್ದದ್ದು ರಷ್ಯಾದಲ್ಲಿ. ಅಂದರೆ ಯಾರ ವಿರುದ್ಧ ಬಾಣ ಬಿಡಬೇಕೋ ಬಾಣ ಮಾಡುವವರೂ ಅವರೇ. 2014ರಲ್ಲಿ ಕ್ರಿಮಿಯಾ ಕೈತಪ್ಪಿದ ಮೇಲೂ ಎಂಟು ವರ್ಷ ಸಮಯವಿತ್ತು. ಆ ಅವಧಿಯಲ್ಲಿ ಸ್ವಂತದ್ದೊಂದು ಮಧ್ಯಮ ದೂರದ ವಾಯುರಕ್ಷಣಾ ಕ್ಷಿಪಣಿ ತಯಾರಾಗಿ ಪಡೆಗೆ ಸೇರಲಿಲ್ಲ. ಒಂದಾದ ಮೇಲೊಂದರಂತೆ ಬಂದ ಸರ್ಕಾರಗಳ ಈ ಉದಾಸೀನಕ್ಕೆ ಕ್ಷಮೆ ಕಷ್ಟ. ಅದಕ್ಕೂ ಹಿಂದಿನ ಕತೆ ಇನ್ನೂ ನೋವಿನದು. 1999–2000ರಲ್ಲಿ ಉಕ್ರೇನ್ ಗ್ಯಾಸ್ ಸಾಲ ತೀರಿಸಲು ಎಂಟು ಟಿಯು-160, ಮೂರು ಟಿಯು-95 ಬಾಂಬರ್‌ಗಳ ಜೊತೆ ಐನೂರಕ್ಕೂ ಹೆಚ್ಚು ಕೆಎಚ್-55 ಕ್ಷಿಪಣಿಗಳನ್ನು ರಷ್ಯಾಕ್ಕೆ ಒಪ್ಪಿಸಿತು. 2022ರ ಚಳಿಗಾಲದಲ್ಲಿ ಸಿಡಿತಲೆ ತೆಗೆದ ಕೆಎಚ್-55ಗಳು ಉಕ್ರೇನಿನ ಆಕಾಶಕ್ಕೆ ವಾಪಸು ಬಂದವು. ರಕ್ಷಣಾ ಕ್ಷಿಪಣಿಗಳನ್ನು ಸುಮ್ಮನೆ ಸುಡಿಸುವ ಆಮಿಷವಾಗಿ ಅವುಗಳನ್ನು ಬಳಸಲಾಗಿತ್ತು.

2023ರ ಏಪ್ರಿಲ್‌ನಲ್ಲಿ ಬಂದ ಅಮೆರಿಕದ ಪೇಟ್ರಿಯಟ್ ವಾಯುರಕ್ಷಣಾ ವ್ಯವಸ್ಥೆ ಈ ಕತೆಯ ದಿಕ್ಕು ಬದಲಿಸಿತು ಎನ್ನುವುದುಂಟು. ಮೇ 4ರಂದು ಕೀವ್ ಮೇಲೆ ಅದು ಒಂದು ಕಿಂಜಾಲ್ ಕ್ಷಿಪಣಿಯನ್ನು ಬೀಳಿಸಿತು. ತಡೆಯಲಾಗದ ಅಸ್ತ್ರವೆಂದು ರಷ್ಯಾ ಕೊಂಡಾಡಿದ್ದು ಅದನ್ನೇ. ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅದರ ಹೊಸ ಮಾದರಿಯ ಒಂದು ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್, ಇಡೀ ಜಗತ್ತಿಗೆ ಹಂಚಲು ವರ್ಷಕ್ಕೆ ಕೆಲವು ನೂರು ಮಾತ್ರ ತಯಾರಾಗುತ್ತವೆ. ಕೀವ್‌ಗೆ ಕೊಟ್ಟರೆ ಒಡೆಸಾಕ್ಕಿಲ್ಲ, ಒಡೆಸಾಕ್ಕೆ ಕೊಟ್ಟರೆ ಯುದ್ಧರಂಗಕ್ಕಿಲ್ಲ. 2024ರ ಮಾರ್ಚಿನಲ್ಲಿ ಗ್ಲೈಡ್ ಬಾಂಬ್ ಹಾಕುವ ವಿಮಾನಗಳನ್ನು ಹಿಡಿಯಲು ಪೇಟ್ರಿಯಟ್ ಲಾರಿಗಳನ್ನು ಯುದ್ಧರಂಗದ ಸಮೀಪ ಒಯ್ದಾಗ ಪೊಕ್ರೊವ್‌ಸ್ಕ್ ಬಳಿ ಎರಡು ಲಾಂಚರ್‌ಗಳು ಕ್ಷಿಪಣಿಗೆ ಆಹುತಿಯಾದವು. ಆ ಧೈರ್ಯವನ್ನು ಹುಂಬತನ ಎಂದವರಿದ್ದಾರೆ. ಬಾಂಬಿನಡಿ ಕೂತ ಕಾಲಾಳುಗಳ ಕಡೆಯಿಂದ ನೋಡಿದರೆ ಬೇರೆ ದಾರಿ ಇರಲಿಲ್ಲ.

ಗಡಿಯಿಂದ ದೂರ ಕಡಿಮೆಯಾದಷ್ಟೂ ಎಂಥ ಯಂತ್ರವೂ ಕೈಕೊಡುತ್ತದೆ ಎಂಬುದಕ್ಕೆ ಖಾರ್ಕಿವ್ ಸಾಕ್ಷಿ. ಗಡಿಯಿಂದ ಸುಮಾರು 30 ಕಿ.ಮೀ. ದೂರದ ಆ ನಗರಕ್ಕೆ ಆಚೆಯಿಂದ ಹಾರಿಸಿದ ಕ್ಷಿಪಣಿ ಬಂದು ಬಡಿಯಲು ಒಂದು ನಿಮಿಷವೂ ಬೇಡ. ಸೈರನ್ ಎಷ್ಟೋ ಸಲ ಸ್ಫೋಟದ ನಂತರ ಕೂಗಿದೆ. ಕರ್ನಾಟಕಕ್ಕೆ ಆ ಊರಿನ ಹೆಸರು ಮರೆಯಲಾಗದ್ದು. 2022ರ ಮಾರ್ಚ್ 1ರಂದು ದಿನಸಿಗಾಗಿ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದು ಅಲ್ಲೇ. ಫಿರಂಗಿಯ ಗುಂಡಿಗೆ ಆ ನಗರದಲ್ಲಿ ತಡೆಯೇ ಇರಲಿಲ್ಲ. ವಾಯುರಕ್ಷಣೆಯ ಯಶಸ್ಸನ್ನು ಕೀವ್‌ನಲ್ಲಿ ನಿಂತು ಬರೆಯುವವರು ಖಾರ್ಕಿವ್‌ನ ಮೆಟ್ರೊ ನಿಲ್ದಾಣಗಳಲ್ಲಿ ಕಟ್ಟಿದ ಶಾಲಾ ಕೊಠಡಿಗಳನ್ನೂ ನೋಡಬೇಕು. ನೆಲದ ಮೇಲೆ ರಕ್ಷಣೆ ಸಿಗದ ಮಕ್ಕಳು ಅಲ್ಲಿ ಪಾಠ ಕೇಳುತ್ತಿದ್ದಾರೆ.

ರಷ್ಯಾವೂ ಕಲಿಯುತ್ತಿದೆ. 2025ರಲ್ಲಿ ಅದರ ಡ್ರೋನ್‌ಗಳು ಎರಡು–ಮೂರು ಕಿ.ಮೀ. ಎತ್ತರಕ್ಕೇರಿ ಬರತೊಡಗಿದವು, ಅಲ್ಲಿಗೆ ಪಿಕಪ್ ಮೇಲಿನ ಗನ್ನು ಮುಟ್ಟುವುದಿಲ್ಲ. ಅದಕ್ಕೆ ಉಕ್ರೇನ್ ಕೊಟ್ಟ ಉತ್ತರ ಡ್ರೋನನ್ನೇ ಬೆನ್ನಟ್ಟಿ ಹೊಡೆಯುವ ಡ್ರೋನ್. ‘ಸ್ಟಿಂಗ್’ ಎಂಬುದು ಅಂಥದ್ದೊಂದು: ಗುಂಡಿನಾಕಾರದ ಮೈ, ನಾಲ್ಕು ಪಂಖ, ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗ, ಬೆಲೆ ಕೆಲವೇ ಸಾವಿರ ಡಾಲರ್. ಬಾಣ ಮಾಡುವ ಕುಲುಮೆ ಕೊನೆಗೂ ಸ್ವಂತ ಅಂಗಳಕ್ಕೆ ಬಂದಿದೆ, ತಡವಾಗಿಯಾದರೂ. ಈಗ ಅದೇ ಪಿಕಪ್‌ಗಳ ಪಕ್ಕದಲ್ಲಿ ಕಣ್ಣಿಗೆ ಗಾಗಲ್ ಕಟ್ಟಿಕೊಂಡ ಹುಡುಗರು ಕೂತಿರುತ್ತಾರೆ. ಹೊಲದ ಕಂಬ ‘ಮೊಪೆಡ್’ ಬಂತೆಂದು ತಿಳಿಸಿದರೆ ಅವರ ಕೈಯ ಡ್ರೋನ್ ಮೇಲೇಳುತ್ತದೆ. ಇಸ್ಕಂದರ್ ಬಂದರೆ ಮಾತ್ರ ಅವರಿಂದ ಏನೂ ಮಾಡಲಾಗದು; ಅದಕ್ಕೆ ಪೇಟ್ರಿಯಟ್ ಕ್ಷಿಪಣಿಗಳ ಮುಂದಿನ ಕಂತು ಯಾವಾಗ ತಲುಪುತ್ತದೆ ಎಂದು ಕೀವ್ ಕಾಯುತ್ತಲೇ ಇದೆ.