ಹಲಗಲಿಯ ಹತಾರ, ಕೊಡಗಿನ ಕೋವಿ

2024ರ ನವೆಂಬರ್. ನಮ್ಮ ಶಿಗ್ಗಾಂವಿ ಕ್ಷೇತ್ರದಲ್ಲಿ ಉಪಚುನಾವಣೆಯ ಗದ್ದಲ. ಹಿರೇಬೆಂಡಿಗೇರಿಯ ನಮ್ಮ ಓಣಿಯ ಹಿರಿಯರೊಬ್ಬರು ಬೆಳೆ ಕಾಯುವ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ಕಿಸೆಯಲ್ಲಿಟ್ಟುಕೊಂಡು ಬಂದು ಕಟ್ಟೆ ಮೇಲೆ ಕೂತಿದ್ದರು. ಮೇ ತಿಂಗಳ ಲೋಕಸಭಾ ಚುನಾವಣೆಗೂ ಹೀಗೇ ಕೊಟ್ಟು ಬಂದಿದ್ದರು. ಒಂದೇ ವರ್ಷ ಎರಡು ಸಲ. ಮೆಕ್ಕೆಜೋಳ ಇನ್ನೂ ಹೊಲದಲ್ಲೇ ಇತ್ತು, ರಾತ್ರಿ ಹಂದಿ ಬರುವುದೂ ನಿಂತಿರಲಿಲ್ಲ.

ಅವರ ಮೊಮ್ಮಗ ಹತ್ತನೇ ಕ್ಲಾಸು. ಕನ್ನಡ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಕಾಕಾ, ಹಲಗಲಿ ಬ್ಯಾಡರು ಹತಾರ ಕೊಡಲಿಲ್ಲಂತ ನಮಗ ಪಾಠ ಐತಿ. ನಮ್ಮಜ್ಜ ಕೊಟ್ಟ ಬಂದಾನ. ಹಂಗಾರ ನಮ್ಮಜ್ಜ ಅಂಜಿದ್ನೇನು?"

ಅಜ್ಜ ನಕ್ಕರು. "ಅಂಜಿಲ್ಲೋ ತಮ್ಮಾ. ಅವರಿಗೆ ರಸೀದಿ ಇರಲಿಲ್ಲ, ನನಗ ಐತಿ" ಅಂದರು.

ಹುಡುಗನ ಪ್ರಶ್ನೆಗಿಂತ ಅಜ್ಜನ ಈ ಮಾತು ನನ್ನನ್ನು ಹೆಚ್ಚು ಕಾಡಿತು. ಮನೆಗೆ ಹೋಗಿ ಆ ಲಾವಣಿಯನ್ನು ಮತ್ತೆ ಓದಿದೆ. ಶಾಲೆಯಲ್ಲಿ ಹೇಳಿಕೊಡುವ ಲಾವಣಿಗೂ ನಾನು ಓದಿದ್ದಕ್ಕೂ ಬಹಳ ಫರಕು ಕಂಡಿತು.

ಮೊದಲು ಇತಿಹಾಸ. ಹಲಗಲಿ ಇವತ್ತು ಬಾಗಲಕೋಟೆ ಜಿಲ್ಲೆಯಲ್ಲಿದೆ, ಅವತ್ತು ಮುಧೋಳ ಸಂಸ್ಥಾನದ ಹಳ್ಳಿ. ಉತ್ತರದಲ್ಲಿ ಸಿಪಾಯಿಗಳು ಎದ್ದ ಭಯಕ್ಕೆ ಕುಂಪಣಿ ಸರಕಾರ 1857ರಲ್ಲಿ ಆಯುಧಗಳ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು, ಇದ್ದದ್ದನ್ನು ಒಪ್ಪಿಸಬೇಕು. ಹಲಗಲಿಯ ಬೇಡರು ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು. ಸುಮಾರು 100 ಜನ ಸತ್ತರು, 290 ಜನ ಸೆರೆ ಸಿಕ್ಕರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಮಂದಿಯನ್ನು, 14ಕ್ಕೆ ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು.

ಹುಡುಗನ ನೋಟ್‌ಬುಕ್ಕಿನಲ್ಲಿ 'ಬೇಡರು ಯಾಕೆ ದಂಗೆ ಎದ್ದರು' ಅನ್ನುವುದಕ್ಕೆ 'ದೇಶದ ಸ್ವಾತಂತ್ರ್ಯಕ್ಕಾಗಿ' ಅಂತ ಉತ್ತರ ಬರೆದಿತ್ತು. ಮಾರ್ಕ್ಸ್ ಬರುತ್ತವೆ, ಅನುಮಾನವಿಲ್ಲ. ಆದರೆ ಲಾವಣಿಯಲ್ಲಿ ನನಗೆ ದೇಶ ಕಾಣಲಿಲ್ಲ, ಸ್ವಾತಂತ್ರ್ಯ ಅನ್ನುವ ಮಾತೂ ಕಾಣಲಿಲ್ಲ. ಕಂಡದ್ದು ಹತಾರ. ಹನುಮ, ಬಾಲ, ಜಡಗ, ರಾಮ ನಾಲ್ವರು ಕೂತು ಮಸಲತ್ತು ಮಾಡುವುದು ಒಂದೇ ವಿಷಯಕ್ಕೆ: ಕೈಯಲ್ಲಿರುವ ಹತಾರ ಕೊಟ್ಟ ಮೇಲೆ ಬದುಕಿ ಏನು ಮಾಡೋದು? ಅವರಿಗೆ ಹತಾರ ಅಂದರೆ ಮನೆಯಲ್ಲಿರುವ ಒಂದು ವಸ್ತುವಲ್ಲ. ಬೇಟೆ ಅದರಿಂದ, ಕಾವಲು ಅದರಿಂದ, ನಾಲ್ಕು ಜನರ ನಡುವೆ ಬೇಡ ಅನ್ನಿಸಿಕೊಳ್ಳುವುದೂ ಅದರಿಂದ.

ಇನ್ನೊಂದು ಸಂಗತಿ. ಹುಕುಂ ಹೊರಡುವುದು ವಿಲಾಯತಿಯಿಂದ. ಆದರೆ ಲಾವಣಿಯಲ್ಲಿ ಮೊದಲು ಕಪಾಳಕ್ಕೆ ಏಟು ತಿನ್ನುವವನು ಕಾರಕೂನ, ಅಂದರೆ ನಮ್ಮವನೇ. ರಾಣಿ ದೂರ ಇದ್ದಾಳೆ, ಸಾಹೇಬ ಕುದುರೆ ಮೇಲಿದ್ದಾನೆ, ಬಾಗಿಲಿಗೆ ಬಂದು ಕೇಳುವವನು ಪಕ್ಕದೂರಿನವ. ಹಾಡಿದವನು ಇದನ್ನು ಮುಚ್ಚಿಡಲಿಲ್ಲ. ನಾವು ಪಾಠ ಮಾಡುವಾಗ ಮುಚ್ಚಿಬಿಡುತ್ತೇವೆ. ಬಿಳಿಯ ಸಾಹೇಬನನ್ನು ಮಾತ್ರ ಎದುರಿಗೆ ನಿಲ್ಲಿಸಿದರೆ ಕಥೆ ಸಲೀಸು ನೋಡಿ!

ಇಡೀ ಲಾವಣಿಯ ತೂಕ ಇರುವುದು ಕೊನೆಯಲ್ಲಿ. ಹೊಡೆದಾಟ ಮುಗಿದ ಮೇಲೆ ದಂಡಿನವರು ಏನೇನು ದೋಚಿದರು ಅನ್ನುವ ಒಂದು ಪಟ್ಟಿ ಬರುತ್ತದೆ. ಕೊಡಲಿ, ಕಬ್ಬಿಣ ಬಂದರೆ ಸರಿ, ಹುಕುಂ ಇದ್ದದ್ದೇ ಅದಕ್ಕೆ. ಆದರೆ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಹಾಲು, ಮೊಸರು, ಉಪ್ಪು, ಅರಿಸಿನ, ಬೆಲ್ಲ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರ. ಕೆಲವು ಮಾಸ್ತರರು ಇದನ್ನು ಪ್ರಾಸಕ್ಕೆ ತುಂಬಿದ ಮಾತು ಅಂತ ದಾಟಿಸಿಬಿಡುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸಲಿಲ್ಲ. ಕೇಳಿದ್ದು ಹತಾರ, ಒಯ್ದದ್ದು ಸಂಸಾರ. ಇದನ್ನು ಒಂದು ಮಾತಿನಲ್ಲೂ ವಾದ ಮಾಡದೆ, ಬರೀ ಸಾಮಾನಿನ ಹೆಸರು ಹೇಳಿ ಮುಗಿಸುತ್ತಾನೆ ಆ ಹಾಡುಗಾರ. ಕಟ್ಟೆಯ ಅಜ್ಜ ಅಂದದ್ದು ಆಗ ನೆನಪಾಯಿತು. ಸರಕಾರ ಕೊಡದೆ ಹೋದ ರಸೀದಿಯನ್ನು ಈ ಲಾವಣಿಕಾರ ಬರೆದಿಟ್ಟಿದ್ದಾನೆ, ಅಷ್ಟೇ. ಕೊನೆಗೆ ಕುರ್ತಕೋಟಿ ಕಲ್ಮೇಶನ ಹೆಸರು ಹಾಕುತ್ತಾನೆ. ನನ್ನ ಮಟ್ಟಿಗೆ ಅದು ಆ ರಸೀದಿಯ ಕೆಳಗಿನ ಸಹಿ.

ಲಾವಣಿಯನ್ನು ಬರೀ ಹೊಗಳಿ ಬಿಡಲು ಮನಸ್ಸಿಲ್ಲ. ಅದಕ್ಕೂ ಮಿತಿ ಇದೆ. ಮಸಲತ್ತಿನಲ್ಲಿ ಹೆಂಗಸರಿಲ್ಲ, ಕಳಕೊಂಡ ಪಟ್ಟಿಯಲ್ಲಿ ಮಾತ್ರ ಅವರ ಸಾಮಾನಿದೆ. ಕೊಡಬಾರದು ಅಂತ ನಾಲ್ವರು ನಿರ್ಧರಿಸಿದಾಗ ಬೀಸುವ ಕಲ್ಲಿನ ಮುಂದೆ ಕೂತವಳನ್ನು ಕೇಳಿದವರು ಯಾರು? ಆಯುಧದ ಪರವಾಗಿ ನಿಂತ ಹಾಡುಗಳೆಲ್ಲ ಇಲ್ಲಿ ಎಡವುತ್ತವೆ. ಗಂಡಸಿನ ಮಾನ ಅನ್ನುವುದು ಮನೆಯವರ ಪ್ರಾಣದ ಮೇಲೆ ಸಾಲ ಎತ್ತಿದ ಹಾಗೆ.

ಮರುದಿನ ಕಟ್ಟೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಅಜ್ಜ ತಡೆದು ಕೇಳಿದರು: "ಕೊಡಗಿನ್ಯಾಗ ಲೈಸನ್ಸ್ ಇಲ್ದ ಬಂದೂಕು ಇಟ್ಕೋತಾರಂತಲ್ಲ, ಖರೇನು?"

ಖರೆ. ಹಲಗಲಿಯನ್ನು ಸುಟ್ಟ ಕಾಯ್ದೆಯಿಂದಲೇ ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಕೊಟ್ಟವನು ಕಮಿಷನರ್ ಮಾರ್ಕ್ ಕಬ್ಬನ್. ಕಾರಣ ಅವರ ಶೌರ್ಯ ಮತ್ತು ನಿಷ್ಠೆ. ನಿಷ್ಠೆ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. 1837ರ ಅಮರ ಸುಳ್ಯ ದಂಗೆಯಲ್ಲಿ ಕುಂಪಣಿಯ ಪರ ನಿಂತವರಿಗೆ ಪದಕ ಕೊಟ್ಟ ನಾಡು ಅದು. ಸ್ವಾತಂತ್ರ್ಯ ಬಂತು, 1959ರ ಆಯುಧ ಕಾಯ್ದೆ ಬಂತು, ವಿನಾಯಿತಿ ಮಾತ್ರ ಉಳಿಯಿತು. ಈಗಲೂ ಕೊಡವರು ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರು ಲೈಸನ್ಸ್ ಬದಲು ವಿನಾಯಿತಿ ಪತ್ರ ಪಡೆಯುತ್ತಾರೆ. ಕೇಂದ್ರ ಸರಕಾರ 2019ರಲ್ಲಿ ಇದನ್ನು ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಉಳಿದ ದೇಶಕ್ಕೆಲ್ಲ ಒಬ್ಬರಿಗೆ ಮೂರು ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿತು.

ಜಾತಿ ಮತ್ತು ಹಳೆಯ ಭೂಹಿಡುವಳಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. ಕೊಡಗಿನಲ್ಲಿ ಕೋವಿ ಇದ್ದವರು ಒಟ್ಟಾದರು. ಕೊಡವ ನ್ಯಾಷನಲ್ ಕೌನ್ಸಿಲ್ 'ತೋಕ್ ನಮ್ಮೆ' ಅಂತ ಕೋವಿಯ ಹಬ್ಬವನ್ನೇ ಮಾಡುತ್ತದೆ. ಸಿಖ್ಖರಿಗೆ ಕೃಪಾಣ ಹೇಗೋ ನಮಗೆ ಕೋವಿ ಹಾಗೆ, ಸಂವಿಧಾನದ ರಕ್ಷಣೆ ಬೇಕು ಅನ್ನುವುದು ಅವರ ಬೇಡಿಕೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹುಟ್ಟಿಗೂ ಸಾವಿಗೂ ಗುಂಡು ಹಾರಿಸುತ್ತಾರೆ. ಇದು ತೋರಿಕೆಯಲ್ಲ, ಬದುಕು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ನನಗೆ ಕೊಡವರ ಮೇಲೆ ಹೊಟ್ಟೆಕಿಚ್ಚಿಲ್ಲ. ಅವರ ವಾದ ಓದಿದರೆ ಹಲಗಲಿಯ ನಾಲ್ವರು ಮಾತಾಡಿದ ಹಾಗೇ ಕೇಳುತ್ತದೆ: ಇದು ನಮ್ಮ ಮೈಯ ಭಾಗ, ಕೊಟ್ಟರೆ ನಾವು ನಾವಲ್ಲ. ಮಾತು ಅದೇ ಆದರೂ ಫಲ ಬೇರೆ. ಒಬ್ಬರಿಗೆ ಗಲ್ಲು, ಒಬ್ಬರಿಗೆ ಪತ್ರ. ಹಾಗಾದರೆ ಕಾಯ್ದೆ ನೋಡಿದ್ದು ಆಯುಧವನ್ನಲ್ಲ, ಹಿಡಿದ ಕೈಯನ್ನು. ನಂಬಿಕಸ್ಥರ ಕೈಯಲ್ಲಿದ್ದರೆ ಅದು ಪರಂಪರೆ, ಉಳಿದವರ ಕೈಯಲ್ಲಿದ್ದರೆ ಅಪರಾಧ. ಯಾರು ನಂಬಿಕಸ್ಥರು ಅಂತ 1861ರಲ್ಲಿ ಸಾಹೇಬ ಬರೆದ ಪಟ್ಟಿ ಇವತ್ತಿಗೂ ಕೆಲಸ ಮಾಡುತ್ತಿದೆ ಅನ್ನುವುದು ನನ್ನ ತಕರಾರು. ಬೇಡರಿಗೆ ವೀರರ ಪಾಠ ಕೊಟ್ಟೆವು, ಕೊಡವರಿಗೆ ವಿನಾಯಿತಿ ಕೊಟ್ಟೆವು. ಎರಡನ್ನೂ ಎದುರುಬದುರು ಇಟ್ಟು ಹತ್ತನೇ ಕ್ಲಾಸಿನಲ್ಲಿ ಓದಿಸಿದರೆ ಹುಡುಗರು ಕಾಯ್ದೆ ಅಂದರೇನು ಅಂತ ತಾವೇ ಕಂಡುಕೊಳ್ಳುತ್ತಾರೆ.

ಹಾಗಂತ ಎಲ್ಲರಿಗೂ ಬಂದೂಕು ಕೊಡಿ ಅನ್ನುತ್ತೀರಾ ಅಂತ ಕೇಳಬಹುದು. ಇಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಎರಡೂ ಕಡೆ ಗುಂಡು ಹಾರಿದ್ದು ಒಂದೇ ನಾಡಪಿಸ್ತೂಲಿನಿಂದ ಅಂತ ವಿಧಿವಿಜ್ಞಾನ ವರದಿ ಹೇಳಿತು. ವಚನಗಳ ನಡುವೆ ಬಾಳಿದ ಮುದುಕರ ಹಣೆಗೆ ಗುಂಡಿಟ್ಟ ನೆಲದಲ್ಲಿ ನಿಂತು ಹತಾರದ ಹಾಡನ್ನು ಕಣ್ಣು ಮುಚ್ಚಿ ಹಾಡಲು ನನ್ನಿಂದ ಆಗುವುದಿಲ್ಲ. ಆದರೆ ಆ ಪಿಸ್ತೂಲಿಗೆ ಲೈಸನ್ಸೂ ಇರಲಿಲ್ಲ, ವಿನಾಯಿತಿ ಪತ್ರವೂ ಇರಲಿಲ್ಲ, ಚುನಾವಣೆಗೆ ಅದನ್ನು ಯಾರೂ ಠಾಣೆಗೆ ಒಪ್ಪಿಸಲಿಲ್ಲ ಅನ್ನುವುದನ್ನೂ ಮರೆಯಬಾರದು. ಒಪ್ಪಿಸಿದವರು ನಮ್ಮ ಅಜ್ಜನಂಥವರು.

ಹತಾರ ಕೇಳುವ ಹಕ್ಕು ಸರಕಾರಕ್ಕೆ ಇರಲಿ. ಆದರೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಕೇಳಲಿ, ಯಾಕೆ ಅಂತ ಹೇಳಲಿ, ಹೊಲದ ಹಂದಿಗೆ ಬೇರೆ ದಾರಿ ತೋರಿಸಲಿ, ಮತ್ತೆ ಕೊಡುವ ಮಾತನ್ನು ಬರೆದು ಕೊಡಲಿ. ಹಲಗಲಿಯಲ್ಲಿ ಇಷ್ಟು ಆಗಿದ್ದರೆ ಆ ಲಾವಣಿ ಹುಟ್ಟುತ್ತಿರಲಿಲ್ಲವೇನೋ. ಲಾವಣಿ ಇಲ್ಲದಿದ್ದರೂ ನಡೆಯುತ್ತಿತ್ತು, ಆ ಜನ ಬದುಕುತ್ತಿದ್ದರು.

ಹುಡುಗ ನೋಟ್‌ಬುಕ್ಕಿನ ಉತ್ತರ ಬದಲಿಸಲಿಲ್ಲ. ಪರೀಕ್ಷೆ ಅವನದು, ನಾನೂ ಒತ್ತಾಯ ಮಾಡಲಿಲ್ಲ. ಅವತ್ತು ರಾತ್ರಿ ಅಜ್ಜ, ಮೊಮ್ಮಗ ಇಬ್ಬರೂ ಹಳೇ ಎಣ್ಣೆ ಡಬ್ಬಿ ಬಡಿಯುತ್ತ ಹೊಲ ಕಾದರು. ಮತ ಎಣಿಕೆ ಮುಗಿದ ಮೇಲೆ ಅಜ್ಜ ರಸೀದಿ ತೋರಿಸಿ ಬಂದೂಕು ಬಿಡಿಸಿಕೊಂಡು ಬಂದರು. ಅಷ್ಟೊತ್ತಿಗೆ ಹಂದಿಗಳು ತಮ್ಮ ಪಾಲು ತಿಂದು ಮುಗಿಸಿದ್ದವು. ಅದಕ್ಕೆ ಮಾತ್ರ ಯಾರೂ ರಸೀದಿ ಕೊಡಲಿಲ್ಲ.